ಕಟ್ಟಿದ ದನ ನಾಲಿಗೆ ಹೊರಳಿಸಿದರೆ, ಗೋಡೆ ನೆಕ್ಕಿದರೆ: ಕಾರಣ ಹುಡುಕುವ ಬಗೆ

ಕೊಟ್ಟಿಗೆಯಲ್ಲಿ ಕಟ್ಟಿದ ಆಕಳು ಬಾಯಿ ತೆರೆದು ನಾಲಿಗೆಯನ್ನು ಗಾಳಿಯಲ್ಲೇ ಹೊರಳಿಸುತ್ತದೆ. ಎಮ್ಮೆ ಗೋಡೆಯ ಸುಣ್ಣ ನೆಕ್ಕುತ್ತದೆ. ಎತ್ತು ನಿಂತಲ್ಲೇ ತಲೆ ತೂಗುತ್ತದೆ. ಕರು ಪಕ್ಕದ ಕರುವಿನ ಕಿವಿ ಚೀಪುತ್ತದೆ. ಇಂಥದ್ದು ಕಂಡಾಗ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು: "ಯಾರ್ದೋ ನೆದರ ಆಗ್ಯಾದ ನೋಡ್ರಿ." ಲಿಂಬೆಹಣ್ಣು, ಮೆಣಸಿನಕಾಯಿ ಇಳಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಅಂಗಡಿಯಿಂದ ಜಂತಿನ ಔಷಧ ತಂದು ಕುಡಿಸುತ್ತಾರೆ, ಇಲ್ಲವೇ ಬಾಯಿಗೆ ಕುಕ್ಕೆ ಕಟ್ಟುತ್ತಾರೆ.

ದನ ಸುಮ್ನೆ ಹೀಗೆ ಮಾಡುವುದಿಲ್ಲ. ಮೈಯಲ್ಲಿ ನೋವೋ ರೋಗವೋ ಇರುತ್ತದೆ, ಮೇವಿನಲ್ಲಿ ಏನೋ ಕಡಿಮೆ ಬಿದ್ದಿರುತ್ತದೆ, ಇಲ್ಲವೇ ಕಟ್ಟಿದ ರೀತಿಯಲ್ಲೇ ತೊಡಕಿರುತ್ತದೆ. ಈ ಮೂರನ್ನು ಇದೇ ಸಾಲಿನಲ್ಲಿ ನೋಡುತ್ತಾ ಬರಬೇಕು. ಸಾಲು ತಪ್ಪಿದರೆ ರೋಗ ಇದ್ದ ದನಕ್ಕೆ ಹಗ್ಗ ಉದ್ದ ಮಾಡಿ ಕೂರುತ್ತೇವೆ, ಹಗ್ಗ ಗಿಡ್ಡ ಇದ್ದ ದನಕ್ಕೆ ಸೂಜಿ ಚುಚ್ಚಿಸುತ್ತೇವೆ.

ಮೊದಲು ಅಪಾಯ ಇದೆಯೇ ನೋಡಿ

ಬಾಯಿಯಿಂದ ಜೊಲ್ಲು ಸೋರುತ್ತಿದೆ. ನೀರಿಗೆ ಬಾಯಿ ಹಾಕಿದರೂ ನುಂಗಲು ಆಗುತ್ತಿಲ್ಲ. ಕೂಗುವ ದನಿ ಒಡೆದಿದೆ. ಎದುರು ಬಂದವರನ್ನು ಹಾಯುತ್ತಿದೆ, ಅಥವಾ ಹಿಂಗಾಲು ಸೋತು ತೂರಾಡುತ್ತಿದೆ. ಇದರಲ್ಲಿ ಒಂದೆರಡು ಕಂಡರೂ ರೇಬಿಸ್ ಅಂತಲೇ ಅನುಮಾನಿಸಿ. ನಾಯಿ ಕಚ್ಚಿದ್ದು ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ. ಕಚ್ಚಿ ವಾರಗಳು, ಕೆಲವು ಸಲ ತಿಂಗಳುಗಳೇ ಕಳೆದ ಮೇಲೆ ಲಕ್ಷಣ ಹೊರಗೆ ಬರುತ್ತದೆ.

ನಮ್ಮ ಹಳ್ಳಿಗಳಲ್ಲಿ ದೊಡ್ಡ ಅನಾಹುತ ಆಗುವುದು ಇಲ್ಲೇ. "ಗಂಟಲಾಗ ಏನೋ ಸಿಕ್ಕದ" ಅಂತ ಮನೆಯವರು ಮೊಣಕೈ ತನಕ ಬಾಯೊಳಗೆ ಕೈ ಹಾಕಿ ತಡಕಾಡುತ್ತಾರೆ. ದಯವಿಟ್ಟು ಹಾಕಬೇಡಿ. ಕಬ್ಬಿನ ತುಂಡು ಗಂಟಲಲ್ಲಿ ಸಿಕ್ಕಿದರೂ ಜೊಲ್ಲು ಸೋರುತ್ತದೆ, ನಿಜ. ಆದರೆ ಎರಡರಲ್ಲಿ ಯಾವುದು ಅಂತ ತೀರ್ಮಾನಿಸುವುದು ಡಾಕ್ಟರ ಕೆಲಸ. ಆ ದನದ ಹಾಲು ಬಳಸಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಜೊಲ್ಲು ಗಾಯಕ್ಕೆ ತಾಗಿದ್ದರೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿಸಿ. ರೇಬಿಸ್ ಲಕ್ಷಣ ಒಮ್ಮೆ ಕಂಡ ಮೇಲೆ ದನಕ್ಕೂ ಮದ್ದಿಲ್ಲ, ಮನುಷ್ಯರಿಗೂ ಇಲ್ಲ.

ಎರಡನೆಯ ಅಪಾಯ ಜೋಳದ ಎಳೆ ಪೈರು. ಮಳೆ ಕೈಕೊಟ್ಟು ಬಾಡಿದ ಜೋಳ, ಕೊಯ್ದ ಮೇಲೆ ಕೂಳೆಯಿಂದ ಒಡೆದ ಚಿಗುರು, ಇವುಗಳಲ್ಲಿ ಸಯನೈಡ್ ಹುಟ್ಟಿಸುವ ಅಂಶ ಜಾಸ್ತಿ. ತಿಂದ ಸ್ವಲ್ಪ ಹೊತ್ತಿಗೇ ದನ ಏದುಸಿರು ಬಿಡುತ್ತದೆ, ಮೈ ನಡುಗುತ್ತದೆ, ತೂರಾಡಿ ಬೀಳುತ್ತದೆ. ಇಲ್ಲಿ ಕೂತು ನೋಡುವ ಮಾತೇ ಇಲ್ಲ. ತಕ್ಷಣ ಡಾಕ್ಟರು ಬೇಕು. ಸೋಡಿಯಂ ಥಯೋಸಲ್ಫೇಟ್ ಚುಚ್ಚಿದರೆ ಉಳಿಯುವ ಅವಕಾಶ ಇದೆ. ಫೋನಿನಲ್ಲಿ "ಎಳೆ ಜೋಳ ತಿಂದದ್ರಿ" ಅಂತ ಮೊದಲೇ ಹೇಳಿಬಿಡಿ, ಔಷಧ ಜೊತೆಗೇ ತರುತ್ತಾರೆ.

ಮದುವೆ ಮನೆಯಲ್ಲಿ ಉಳಿದ ಅನ್ನ, ಹುಗ್ಗಿ ತಂದು ಬುಟ್ಟಿಗಟ್ಟಲೆ ಹಾಕಿದ ಮರುದಿನ ದನ ಹಲ್ಲು ಕಡಿಯುತ್ತಾ, ಹೊಟ್ಟೆಗೆ ಕಾಲಿನಿಂದ ಒದ್ದುಕೊಳ್ಳುತ್ತಾ ಮಂಕಾಗಿ ನಿಂತಿದ್ದರೆ ಅದೂ ತುರ್ತೇ. ಹೊಟ್ಟೆಯಲ್ಲಿ ಹುಳಿ ಏರಿದೆ. ದನ ಹಲ್ಲು ಕಡಿಯುತ್ತಿದ್ದರೆ ಎಲ್ಲೋ ನೋವಿದೆ ಅಂತಲೇ ತಿಳಿಯಿರಿ.

ಈಗ ಮೈ ನೋಡಿ

ಅಪಾಯದ ಲಕ್ಷಣ ಇಲ್ಲ ಅಂತಾದರೆ ಒಂದು ಸಣ್ಣ ಪರೀಕ್ಷೆ ಮಾಡಿ. ದನ ನಾಲಿಗೆ ಹೊರಳಿಸುತ್ತಲೋ ತಲೆ ತೂಗುತ್ತಲೋ ಇರುವಾಗ ಅದರ ಹೆಸರು ಕರೆಯಿರಿ, ಒಂದು ಹಿಡಿ ಹಸಿಹುಲ್ಲು ತೋರಿಸಿ. ಥಟ್ಟನೆ ನಿಲ್ಲಿಸಿ, ಕಿವಿ ಮುಂದೆ ಮಾಡಿ ನಿಮ್ಮ ಕಡೆ ತಿರುಗಿದರೆ ಬಹುಮಟ್ಟಿಗೆ ಅದು ಕಟ್ಟಿಹಾಕಿದ್ದರಿಂದ ಬಂದ ಚಟ. ಕರೆದರೂ ಕೇಳದೆ, ಹುಲ್ಲು ನೋಡದೆ ಅದನ್ನೇ ಮಾಡುತ್ತಿದ್ದರೆ ರೋಗದ ಕಡೆ ಜಾಸ್ತಿ ಗಮನ ಕೊಡಿ.

ಕರು ಹಾಕಿ ಎರಡರಿಂದ ಆರು ವಾರ ಆಗಿದೆಯೇ, ಹಾಲು ಚೆನ್ನಾಗಿ ಕೊಡುವ ದನವೇ ಅಂತ ಕೇಳಿಕೊಳ್ಳಿ. ಅಂಥ ದನ ಹಿಂಡಿ ಬಿಟ್ಟು ಬರೀ ಕಣಿಕೆ ತಿನ್ನುತ್ತಾ, ತನ್ನ ಮೈಯನ್ನೋ ಗೋದಲಿಯ ಕಟ್ಟೆಯನ್ನೋ ಬಿಡದೆ ನೆಕ್ಕುತ್ತಿದ್ದರೆ ಅದು ಕೀಟೋಸಿಸ್, ಅಂದರೆ ರಕ್ತದಲ್ಲಿ ಸಕ್ಕರೆ ಕಡಿಮೆ ಬೀಳುವ ಕಾಯಿಲೆ ಇರಬಹುದು. ಮೂತಿಯ ಹತ್ತಿರ ಮೂಗು ಒಯ್ದರೆ ಹಣ್ಣು ಕೊಳೆತಂಥ ಸಿಹಿ ವಾಸನೆ ಬರುತ್ತದೆ. ಕೆಲವರಿಗೆ ಈ ವಾಸನೆ ಗೊತ್ತಾಗುವುದೇ ಇಲ್ಲ, ಹಾಗಾಗಿ ಮನೆಯಲ್ಲಿ ಇಬ್ಬರು ಮೂಸಿ ನೋಡಿ. ನಮ್ಮಲ್ಲಿ ಇದಕ್ಕೆ ಬೆಲ್ಲ ತಿನ್ನಿಸುವ ರೂಢಿ ಇದೆ. ಬೆಲ್ಲ ದನದ ದೊಡ್ಡ ಹೊಟ್ಟೆಯಲ್ಲೇ ಹುದುಗಿಹೋಗುತ್ತದೆ, ಸಕ್ಕರೆಯಾಗಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಡಾಕ್ಟರು ನರಕ್ಕೆ ಗ್ಲೂಕೋಸ್ ಕೊಡುವುದು ಅದಕ್ಕೇ.

ತಲೆ ಕೊಡವುವ ಎತ್ತಿನ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. "ಹಟ ಮಾಡ್ಲಿಕತ್ತದ" ಅಂತ ಬೈಸಿಕೊಳ್ಳುವ ಎತ್ತುಗಳಲ್ಲಿ ಎಷ್ಟೋ ಎತ್ತುಗಳಿಗೆ ಇರುವುದು ನೋವು. ಕಿವಿ ಮಡಚಿ ಒಳಗೆ ಉಣ್ಣೆ ಇವೆಯೇ ನೋಡಿ. ಮೂಗುದಾರದ ತೂತು ಹುಣ್ಣಾಗಿ ಹುಳ ಬಿದ್ದಿವೆಯೇ ನೋಡಿ, ಹಗ್ಗವನ್ನು ಮೆಲ್ಲಗೆ ಸರಿಸಿಯೇ ನೋಡಬೇಕು, ಮೇಲಿನಿಂದ ಕಾಣುವುದಿಲ್ಲ. ಆಮೇಲೆ ಕೊಂಬು. ನಮ್ಮ ನಾಡ ಎತ್ತುಗಳಲ್ಲಿ ಕೊಂಬಿನ ಕ್ಯಾನ್ಸರ್ ಅಪರೂಪವಲ್ಲ. ಎತ್ತು ಒಂದೇ ಕಡೆಗೆ ತಲೆ ವಾಲಿಸುತ್ತದೆ, ಕೊಂಬನ್ನು ಗೂಟಕ್ಕೆ ಗೋಡೆಗೆ ತಿಕ್ಕುತ್ತದೆ, ಅದೇ ಕಡೆಯ ಮೂಗಿನ ಹೊಳ್ಳೆಯಿಂದ ಕೀವೋ ರಕ್ತವೋ ಸೋರುತ್ತದೆ. ಬೆರಳ ಗಿಣ್ಣಿನಿಂದ ಎರಡೂ ಕೊಂಬಿನ ಬುಡವನ್ನು ತಟ್ಟಿ ಹೋಲಿಸಿ. ಒಳ್ಳೆಯ ಕೊಂಬಿನ ಸಪ್ಪಳ ಟೊಳ್ಳು, ಕೆಟ್ಟದ್ದರ ಸಪ್ಪಳ ಮಂದ. ಕೊಂಬು ಬಾಗಿ ಜೋತು ಬೀಳುವ ತನಕ ಕಾಯಬೇಡಿ. ಮೊದಲೇ ಆಪರೇಷನ್ ಮಾಡಿಸಿದರೆ ಎತ್ತು ಉಳಿಯಬಹುದು.

ಕುರಿ ಮೇಕೆ ಒಂದೇ ಕಡೆಗೆ ಸುತ್ತು ಹೊಡೆಯುತ್ತಿದ್ದರೆ, ತಲೆ ಓರೆ ಮಾಡಿ ಗೋಡೆಗೆ ಬಡಿಯುತ್ತಿದ್ದರೆ ಮಿದುಳಿನಲ್ಲಿ ನೀರುಗುಳ್ಳೆ ಕಟ್ಟಿರುವ ಅನುಮಾನ ಇರಲಿ. ಇದು ನಾಯಿಯ ಲಾಡಿಹುಳುವಿನಿಂದ ಬರುವ ಕಾಯಿಲೆ. ಕೊಯ್ದ ಕುರಿಯ ತಲೆಯನ್ನು ನಾಯಿಗೆ ಎಸೆಯುವುದು ನಿಂತರೆ, ಹಟ್ಟಿಯ ನಾಯಿಗೆ ಕಾಲಕಾಲಕ್ಕೆ ಜಂತಿನ ಔಷಧ ಬಿದ್ದರೆ ಈ ಕಾಯಿಲೆಯ ಬೇರೇ ಹೋಗುತ್ತದೆ.

ಗೋಡೆ, ಮಣ್ಣು, ಬಟ್ಟೆ, ಮೂಳೆ

ಮೈಯಲ್ಲಿ ಏನೂ ಸಿಗಲಿಲ್ಲ, ಆದರೆ ತಿನ್ನಬಾರದ್ದನ್ನು ತಿನ್ನುತ್ತಿದೆ ಅಂತಾದರೆ ಗೋದಲಿ ನೋಡಿ. ನಮ್ಮ ಕಡೆ ಬೇಸಿಗೆ ಮೇವು ಅಂದರೆ ಜೋಳದ ಕಣಿಕೆ, ತೊಗರಿ ಹೊಟ್ಟು, ಕಡಲೆ ಹೊಟ್ಟು. ಹೊಟ್ಟೆ ತುಂಬುತ್ತದೆ, ಆದರೆ ಒಣ ಮೇವಿನಲ್ಲಿ ರಂಜಕ ಕಡಿಮೆ. ಉಪ್ಪೂ ಕಡಿಮೆ.

ಉಪ್ಪಿನಿಂದ ಶುರು ಮಾಡಿ, ಅದು ಎಲ್ಲಕ್ಕಿಂತ ಅಗ್ಗ. ಒಂದು ಕಲ್ಲುಪ್ಪಿನ ಹೆಂಟೆಯನ್ನು ಗೋದಲಿಯಲ್ಲಿಟ್ಟು ಪಕ್ಕದಲ್ಲಿ ನೀರು ತುಂಬಿಸಿಡಿ. ಮೊದಲ ಕೆಲವು ದಿನ ಮುಗಿಬಿದ್ದು ನೆಕ್ಕಿ, ಆಮೇಲೆ ತಾನೇ ಕಡಿಮೆ ಮಾಡಿ, ಗೋಡೆ ನೆಕ್ಕುವುದನ್ನೂ ಮೂತ್ರ ಕುಡಿಯುವುದನ್ನೂ ಬಿಟ್ಟರೆ ಕಾರಣ ಸಿಕ್ಕಿತು. ದೊಡ್ಡ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಖನಿಜ ಮಿಶ್ರಣವನ್ನು ತಿಂಗಳಿಗೊಮ್ಮೆ ನೆನಪಾದಾಗ ಹಾಕಿ "ಏನೂ ಆಗ್ಲಿಲ್ರಿ" ಅಂದರೆ ಆಗುವುದಿಲ್ಲ. ದಿನಾ ಹಾಕಬೇಕು, ಹಿಂಡಿಯಲ್ಲಿ ಕಲಸಿ ಹಾಕಬೇಕು.

ಮೂಳೆ ಕಡಿಯುವ ದನದ ಬಗ್ಗೆ ಜಾಸ್ತಿ ಕಾಳಜಿ ಬೇಕು. ಹೊಲದಲ್ಲಿ ಬಿದ್ದ ಒಣ ಮೂಳೆಯನ್ನು ಬಾಯಲ್ಲಿಟ್ಟು ಗಂಟೆಗಟ್ಟಲೆ ಕಟಕಟ ಅನ್ನಿಸುತ್ತಿದ್ದರೆ ಅದು ರಂಜಕದ ಹಸಿವು. ಹೀಗೆ ಸತ್ತ ಪ್ರಾಣಿಯ ಮೂಳೆ ತಿಂದು ಬಾಟ್ಯುಲಿಸಂ ಅನ್ನೋ ವಿಷ ಏರಿ, ಮೈಯೆಲ್ಲಾ ಸೋತು ಸಾಯುವುದುಂಟು. ಗೋಧಿ ಬೂಸಾ, ಅಕ್ಕಿ ತೌಡಿನಲ್ಲಿ ರಂಜಕ ಚೆನ್ನಾಗಿದೆ. ಜೊತೆಗೆ ಖನಿಜ ಮಿಶ್ರಣ ಕೊಡಿ. ಹೊಲದ ಮೂಳೆಗಳನ್ನು ಆರಿಸಿ ಹೂತುಬಿಡಿ.

ಬಟ್ಟೆ, ಪ್ಲಾಸ್ಟಿಕ್ ತಿನ್ನುವ ದನಕ್ಕೆ ಎರಡು ತೊಂದರೆ ಒಟ್ಟಿಗೇ ಇರಬಹುದು: ತಿನ್ನಿಸಿದ ಕೊರತೆ ಒಂದು, ಈಗಾಗಲೇ ಹೊಟ್ಟೆ ಸೇರಿದ ಕಸ ಇನ್ನೊಂದು. ಎಡಹೊಟ್ಟೆ ಮತ್ತೆ ಮತ್ತೆ ಉಬ್ಬುವುದು, ಮೆಲುಕು ಕಡಿಮೆಯಾಗುವುದು, ಬೆನ್ನು ಬಾಗಿಸಿ ನಿಲ್ಲುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು ಕಂಡರೆ ಒಳಗೆ ಚೀಲವೋ ತಂತಿಯೋ ಇದೆ ಅಂತ ಸಂಶಯಪಡಿ. ಪ್ಲಾಸ್ಟಿಕ್ಕನ್ನು ಕರಗಿಸುವ ಯಾವ ಔಷಧವೂ ಇಲ್ಲ. ಹೊಟ್ಟೆ ಕೊಯ್ದೇ ತೆಗೆಯಬೇಕು. ಬೀದರಿನವರಿಗೆ ನಂದಿನಗರದ ಪಶುವೈದ್ಯ ಕಾಲೇಜು ಹತ್ತಿರದಲ್ಲೇ ಇದೆ, ಅಲ್ಲಿ ತೋರಿಸಬಹುದು.

ಜಂತುಹುಳು ಕೂಡ ಮಣ್ಣು ತಿನ್ನಿಸುತ್ತದೆ. ಆದರೆ ಮೊದಲು ಒಂದಿಷ್ಟು ಸಗಣಿಯನ್ನು ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ. ಯಾವ ಹುಳು ಅಂತ ಗೊತ್ತಾದರೆ ಔಷಧವೂ ಅದಕ್ಕೆ ತಕ್ಕದ್ದು ಸಿಗುತ್ತದೆ, ಅಳತೆಯನ್ನೂ ದನದ ತೂಕ ನೋಡಿ ಹೇಳುತ್ತಾರೆ.

ನಾಲಿಗೆಗೆ ಕೆಲಸ ಇಲ್ಲದಾಗ

ನಾಲಿಗೆ ಹೊರಳಿಸುವುದನ್ನು ಅರ್ಥ ಮಾಡಿಕೊಳ್ಳಬೇಕಾದರೆ ದನ ಹೊಲದಲ್ಲಿ ಹೇಗೆ ಮೇಯುತ್ತದೆ ಅಂತ ನೋಡಬೇಕು. ದನಕ್ಕೆ ಮೇಲೆ ಮುಂದಿನ ಹಲ್ಲಿಲ್ಲ. ನಾಲಿಗೆಯನ್ನು ಹೊರಗೆ ಚಾಚಿ, ಹುಲ್ಲಿನ ಸುತ್ತ ಸುತ್ತಿ, ಒಳಗೆ ಎಳೆದು ಹರಿಯುತ್ತದೆ. ಬಿಟ್ಟು ಮೇಯಿಸಿದರೆ ದಿನಕ್ಕೆ ಎಂಟು ಗಂಟೆಯ ಸುಮಾರು ಇದೇ ಕೆಲಸ. ಮೆಲುಕಿಗೆ ಮತ್ತೆ ಆರೇಳು ಗಂಟೆ. ಈಗ ಕೊಟ್ಟಿಗೆಗೆ ಬನ್ನಿ. ಯಂತ್ರದಲ್ಲಿ ಸಣ್ಣಗೆ ಕತ್ತರಿಸಿದ ಮೇವು, ಕಲಸಿದ ಹಿಂಡಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಬೇಗ ಬೇಗ ತಿಂದು ಮುಗಿಸುತ್ತದೆ. ಹೊಟ್ಟೆ ತುಂಬಿದರೂ ನಾಲಿಗೆಯ ಆಸೆ ತೀರಿರುವುದಿಲ್ಲ. ಇಲ್ಲದ ಹುಲ್ಲನ್ನು ಅದು ಗಾಳಿಯಲ್ಲಿ ಹರಿಯುತ್ತಿದೆ.

ಮೃಗಾಲಯಗಳಲ್ಲೂ ಇದನ್ನೇ ಕಾಣುತ್ತೇವೆ. ಹುಲಿ, ಕರಡಿಯಂಥವು ಪಂಜರದ ಆ ಕೊನೆಯಿಂದ ಈ ಕೊನೆಗೆ ನಡೆಯುತ್ತವೆ. ಜಿರಾಫೆಯಂಥ ಮೇಯುವ ಪ್ರಾಣಿ ಬೇಲಿ ನೆಕ್ಕುತ್ತದೆ. ಕಾಡಿನಲ್ಲಿ ಹೆಚ್ಚು ದೂರ ಅಲೆಯುವ ಮಾಂಸಾಹಾರಿಗಳೇ ಪಂಜರದಲ್ಲೂ ಹೆಚ್ಚು ಅತ್ತಿತ್ತ ನಡೆಯುತ್ತವೆ ಅಂತ 2003ರಲ್ಲಿ ಬಂದ ಅಧ್ಯಯನವೊಂದು ತೋರಿಸಿತು. ಯಾವ ಕೆಲಸ ಕಿತ್ತುಕೊಂಡೆವೋ ಅದರ ಒಂದು ಚೂರನ್ನು ಪ್ರಾಣಿ ಹಿಡಿದುಕೊಂಡು ತಿರುಗಿಸುತ್ತಾ ಇರುತ್ತದೆ.

ಪರಿಹಾರ ಸುಲಭ. ಮೇವಿನ ಒಂದು ಪಾಲನ್ನಾದರೂ ಕತ್ತರಿಸದೆ ಉದ್ದಕ್ಕೇ ಹಾಕಿ. ಹಿಂಡಿಗೆ ಮೊದಲು ಕಣಿಕೆ ಹಾಕಿ. ಎರಡು ಹೊತ್ತಿನ ಮೇವನ್ನು ನಾಲ್ಕೈದು ಸಲಕ್ಕೆ ಹಂಚಿ, ಒಂದು ಪಾಲು ರಾತ್ರಿ ಮಲಗುವ ಮುಂಚೆ ಇರಲಿ. ಕಣಿಕೆಯ ಕಟ್ಟನ್ನು ತಲೆಯ ಎತ್ತರಕ್ಕೆ ತೂಗುಹಾಕಿದರೆ ಎಳೆದೆಳೆದು ತಿನ್ನುತ್ತದೆ. ಕತ್ತರಿಸದಿದ್ದರೆ ಮೇವು ಹಾಳಾಗುತ್ತದೆ ಅಂತ ಮನೆಯಲ್ಲಿ ತಕರಾರು ಬರುವುದು ಸಹಜ, ದುಡ್ಡಿನ ಮಾತು ಅದು. ಕತ್ತರಿಸಿದ್ದು ಹಗಲಿಗೆ, ಉದ್ದದ್ದು ರಾತ್ರಿಗೆ ಅಂತ ಹಂಚಿದರೆ ಬಹಳ ನಷ್ಟ ಆಗುವುದಿಲ್ಲ.

ಹಗ್ಗ ಮತ್ತು ಪರ್ಸಿ

ಇದು ಎಲ್ಲರೂ ಕೊನೆಗೆ ನೋಡುವ ಜಾಗ. 1965ರಲ್ಲಿ ಬ್ರಿಟನ್ನಿನಲ್ಲಿ ಬ್ರಾಂಬೆಲ್ ಸಮಿತಿ ಸಾಕುಪ್ರಾಣಿಗಳ ಬಗ್ಗೆ ಒಂದು ವರದಿ ಕೊಟ್ಟಿತು. ಕಟ್ಟಿದ ಪ್ರಾಣಿಗೂ ಏಳಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕಾಲು ಚಾಚಲು ಆಗಬೇಕು ಅಂತ ಅದರಲ್ಲಿ ಹೇಳಿದೆ. ನಮ್ಮ ಕೊಟ್ಟಿಗೆಗೂ ಇದೇ ಐದು ಅಳತೆ ಸಾಕು. ದನ ಮಲಗಿ ತಲೆಯನ್ನು ಪಕ್ಕೆಗೆ ತಿರುಗಿಸಿ ಒರಗಬಲ್ಲುದೇ? ನಿಂತು ತನ್ನ ತೊಡೆ ನೆಕ್ಕಬಲ್ಲುದೇ? ಆಗದಿದ್ದರೆ ಹಗ್ಗ ಗಿಡ್ಡ.

ಏಳುವುದನ್ನು ಹತ್ತಿರದಿಂದ ನೋಡಿ. ದನ ಏಳುವಾಗ ಮೊದಲು ತಲೆಯನ್ನು ಎರಡು ಮೂರು ಅಡಿ ಮುಂದಕ್ಕೆ ಬೀಸುತ್ತದೆ. ಆ ಭಾರಕ್ಕೆ ಹಿಂಭಾಗ ಮೇಲೇಳುತ್ತದೆ. ಒಂದು ಕ್ಷಣ ಮುಂಗಾಲಿನ ಮಂಡಿಯೂರಿ ನಿಂತು, ಆಮೇಲೆ ಮುಂಭಾಗ ಎತ್ತುತ್ತದೆ. ಮುಂದೆ ಗೋದಲಿಯ ಕಟ್ಟೆ ಅಡ್ಡ ಇದ್ದರೆ, ಹಗ್ಗ ಎಳೆದರೆ, ಈ ಬೀಸು ಆಗುವುದಿಲ್ಲ. ಆಗ ಅದು ಕುದುರೆಯ ಹಾಗೆ ಮುಂಗಾಲು ಮೊದಲು ಊರಿ, ನಾಯಿ ಕೂತಂತೆ ಕೂತು, ಒದ್ದಾಡಿ ಏಳುತ್ತದೆ. ದಿನಾ ಈ ಒದ್ದಾಟ ಬೇಡವಾಗಿ ಮಲಗುವುದನ್ನೇ ಬಿಡುತ್ತದೆ. ದನಕ್ಕೆ ದಿನದಲ್ಲಿ ಹತ್ತು ಹನ್ನೆರಡು ಗಂಟೆ ಮಲಗುವುದು ಬೇಕು. ಮಲಗದ ದನ ಕಾಲು ಬದಲಿಸುತ್ತಾ, ತಲೆ ತೂಗುತ್ತಾ ನಿಂತಿರುತ್ತದೆ.

ನಮ್ಮ ಕಡೆಯ ಇನ್ನೊಂದು ತೊಡಕು ಶಹಾಬಾದಿನ ಪರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು. ತೊಳೆಯಲು ಸುಲಭ, ಬಾಳಿಕೆ ಬರುತ್ತದೆ, ಹಾಗಾಗಿ ಕೊಟ್ಟಿಗೆಗೂ ಹಾಸುತ್ತಾರೆ. ಆದರೆ ಸವೆದು ನುಣುಪಾದ ಪರ್ಸಿಯ ಮೇಲೆ ಸಗಣಿ, ಗಂಜಲ ಬಿದ್ದರೆ ಗೊರಸು ನಿಲ್ಲುವುದಿಲ್ಲ. ಒಮ್ಮೆ ಜಾರಿ ಬಿದ್ದ ದನ ಆಮೇಲೆ ಹಿಂದಿನ ಮೈ ನೆಕ್ಕಲು ಕಾಲೆತ್ತುವುದಕ್ಕೂ ಹೆದರುತ್ತದೆ. ಕಲ್ಲುಕುಟಿಗರನ್ನು ಕರೆಸಿ ಪರ್ಸಿಗೆ ಕಚ್ಚು ಹಾಕಿಸಿ, ಇಲ್ಲವೇ ರಬ್ಬರ್ ಮ್ಯಾಟ್ ಹಾಸಿ. ಎರಡೂ ಆಗದಿದ್ದರೆ ಮಲಗುವ ಜಾಗಕ್ಕೆ ಒಣಮಣ್ಣು, ತೊಗರಿ ಹೊಟ್ಟು ಹರಡಿ, ದಿನಾ ಬದಲಿಸಿ.

ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿಗೆ ವರ್ಷದಲ್ಲಿ ಕೆಲವೇ ವಾರ ಕೆಲಸ. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿದು ಮೆರೆಸುತ್ತೇವೆ, ಉಳಿದ ದಿನ ಒಂದೇ ಗೂಟಕ್ಕೆ ಕಟ್ಟಿರುತ್ತೇವೆ. ಬಯಲಲ್ಲಿ ಮೇಯ್ದು ಬೆಳೆದ ದೇವಣಿಯಂಥ ತಳಿಗೆ ಇದು ಬಹಳ ಕಷ್ಟ. ದಿನಕ್ಕೆ ಒಂದು ಹೊತ್ತಾದರೂ ಹಗ್ಗ ಬಿಚ್ಚಿ ಹೊಲದ ಬದುವಿಗೋ ಕೆರೆಯ ಕಡೆಗೋ ಹೊಡೆದುಕೊಂಡು ಹೋಗಿ.

ಎಮ್ಮೆಗೆ ಬೇರೆ ಲೆಕ್ಕ. ಕಪ್ಪು ಚರ್ಮ, ಬೆವರು ಗ್ರಂಥಿ ಕಡಿಮೆ. ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲಿಗೆ ತಗಡಿನ ಕೆಳಗೆ ಕಟ್ಟಿದರೆ ಅದು ತನ್ನದೇ ಗಂಜಲದ ಚರಂಡಿಯಲ್ಲಿ ಹೊರಳುತ್ತದೆ, ನೀರಿನ ತೊಟ್ಟಿಗೆ ಕಾಲು ಹಾಕುತ್ತದೆ. "ಹೊಲಸು ಎಮ್ಮಿ" ಅಂತ ಹೊಡೆಯಬೇಡಿ, ಅದು ತಂಪು ಹುಡುಕುತ್ತಿದೆ. ಮರದ ನೆರಳಿಗೆ ಕಟ್ಟಿ, ಮಧ್ಯಾಹ್ನ ಎರಡು ಮೂರು ಸಲ ಮೈಮೇಲೆ ನೀರು ಸುರಿಯಿರಿ. ಕೆರೆ ಇದ್ದರೆ ಇನ್ನೂ ಒಳ್ಳೆಯದು.

ಕರು ಚೀಪುವುದು

ಬಕೆಟ್ಟಿನಲ್ಲಿ ಹಾಲು ಕುಡಿಸುವ ಕರುಗಳಲ್ಲಿ ಇದು ಜಾಸ್ತಿ. ಹಾಲಿನ ರುಚಿ ನಾಲಿಗೆಗೆ ತಾಗಿದ ಕೂಡಲೇ ಚೀಪುವ ಆಸೆ ಏಳುತ್ತದೆ, ಹತ್ತು ನಿಮಿಷದ ಸುಮಾರಿಗೆ ತಾನೇ ಇಳಿಯುತ್ತದೆ. ಬಕೆಟ್ ಹಾಲು ಒಂದೆರಡು ನಿಮಿಷಕ್ಕೆ ಮುಗಿಯುತ್ತದಲ್ವಾ, ಉಳಿದ ಆಸೆಗೆ ಪಕ್ಕದ ಕರುವಿನ ಕಿವಿ, ಹೊಕ್ಕುಳು, ಕೆಚ್ಚಲು ಸಿಗುತ್ತದೆ. ಹೊಕ್ಕುಳು ಕೀವಾಗುತ್ತದೆ, ಕೂದಲು ಹೊಟ್ಟೆಯಲ್ಲಿ ಉಂಡೆಗಟ್ಟುತ್ತದೆ. ನಿಪ್ಪಲ್ ಇರುವ ಬಕೆಟ್ ಬಳಸಿ, ಹಾಲು ಮುಗಿದ ಮೇಲೂ ಅದನ್ನು ಹತ್ತು ನಿಮಿಷ ಅಲ್ಲೇ ಬಿಡಿ. ತಾಯಿಯ ಮೊಲೆಯನ್ನೇ ಅಷ್ಟು ಹೊತ್ತು ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು.

ನಾಯಿ, ಹಕ್ಕಿ

ಸರಪಳಿಯ ನಾಯಿ ಬಾಲ ಹಿಡಿಯಲು ಸುತ್ತುತ್ತಿದ್ದರೆ, ಕಾಲು ನೆಕ್ಕಿ ಹುಣ್ಣು ಮಾಡಿಕೊಂಡಿದ್ದರೆ ಮೊದಲು ಉಣ್ಣೆ, ಚಿಗಟ, ಗುದದ ಪಕ್ಕದ ಗ್ರಂಥಿ ತೋರಿಸಿ. ಆಮೇಲೆ ಸರಪಳಿ. ಓಡಲೆಂದೇ ಹುಟ್ಟಿದ ಮುಧೋಳ ನಾಯಿಯನ್ನು ತಂದು ಗೇಟಿಗೆ ಕಟ್ಟುವವರು ಇದನ್ನು ಓದಲೇಬೇಕು. ನಾಯಿಯನ್ನು ಸದಾ ಕಟ್ಟಿಹಾಕಿ ಓಡಾಡಿಸದೆ ಇರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಪಂಜರದ ಬಡ್ಜಿ, ಕಾಕಟೀಲ್ ಗರಿ ಕಿತ್ತುಕೊಳ್ಳುತ್ತಿದ್ದರೆ ಹೇನು, ಬರೀ ನವಣೆ ಕಾಳಿನ ಊಟ, ಒಂಟಿತನ, ರಾತ್ರಿಯಿಡೀ ಉರಿಯುವ ದೀಪ, ಈ ನಾಲ್ಕನ್ನು ನೋಡಿ. ನಮ್ಮ ಹಸಿರು ಗಿಳಿಯನ್ನು ಸಾಕುವುದನ್ನೇ 1972ರ ವನ್ಯಜೀವಿ ಕಾಯ್ದೆ ಒಪ್ಪುವುದಿಲ್ಲ, ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಿ.

ಎಲ್ಲಾ ಸರಿಮಾಡಿದರೂ ನಿಲ್ಲದಿದ್ದರೆ

ಹಳೆಯ ಚಟ ಕಾರಣ ಹೋದ ಮೇಲೂ ಉಳಿಯಬಹುದು. ವರ್ಷಗಟ್ಟಲೆ ನಾಲಿಗೆ ಹೊರಳಿಸಿದ ಆಕಳು ಹೊಲಕ್ಕೆ ಬಿಟ್ಟರೂ ಆಗೊಮ್ಮೆ ಈಗೊಮ್ಮೆ ಹೊರಳಿಸುತ್ತದೆ. ಕಡಿಮೆಯಾಗುತ್ತಿದ್ದರೆ, ಮೇವು, ಮೆಲುಕು, ಹಾಲು ಸರಿ ಇದ್ದರೆ ನೀವು ಸರಿಯಾದ ದಾರಿಯಲ್ಲೇ ಇದ್ದೀರಿ. ಕುಕ್ಕೆ ಕಟ್ಟುವುದು, ಮೂತಿಗೆ ಮುಳ್ಳು ಕಟ್ಟುವುದು, ಬರೆ ಹಾಕುವುದು ಬೇಡವೇ ಬೇಡ. ಸಂಕಟ ಒಳಗೇ ಉಳಿಯುತ್ತದೆ, ಅದನ್ನು ತೋರಿಸುವ ಬಾಯಿ ಮಾತ್ರ ಮುಚ್ಚುತ್ತದೆ.

ಇನ್ನೊಂದು ಮಾತು. ಅದೇ ಕೊಟ್ಟಿಗೆಯಲ್ಲಿ ಏನೂ ಮಾಡದೆ, ಗೋಡೆಗೆ ಮುಖ ಮಾಡಿ, ಕರೆದರೂ ಕಿವಿ ಎತ್ತದೆ ನಿಂತ ದನ ಇದ್ದರೆ ಅದನ್ನು "ಬಾಳ ಸಾಧು" ಅಂತ ಬಿಡಬೇಡಿ. ಒಂದೇ ಕೆಟ್ಟ ಜಾಗದಲ್ಲಿ ನಾಲಿಗೆ ಹೊರಳಿಸುವ ದನ ಹೇಗೋ ನಿಭಾಯಿಸುತ್ತಿರಬಹುದು, ಸುಮ್ಮನೆ ನಿಂತ ದನ ಸೋತಿರಬಹುದು. ಅದರ ಹಗ್ಗವನ್ನೂ ಇವತ್ತೇ ಅಳೆಯಿರಿ.

ಡಾಕ್ಟರಿಗೆ ಫೋನ್ ಮಾಡುವ ಮುಂಚೆ ಮೊಬೈಲಿನಲ್ಲಿ ಎರಡು ಮೂರು ನಿಮಿಷದ ವಿಡಿಯೋ ಮಾಡಿಟ್ಟುಕೊಳ್ಳಿ. ಅವರು ಬಂದಾಗ ದನ ಬಹಳ ಸಲ ಸುಮ್ಮನೆ ನಿಂತಿರುತ್ತದೆ. ಯಾವ ಹೊತ್ತಿಗೆ ಮಾಡುತ್ತದೆ, ಹಿಂಡಿ ತಿನ್ನುವ ಮುಂಚೆಯೋ ಆಮೇಲೋ, ಯಾವಾಗಿನಿಂದ, ಕರು ಹಾಕಿ ಎಷ್ಟು ದಿನ, ಮೇವು ಬದಲಿಸಿದ್ದು ಯಾವಾಗ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿ. ಹತ್ತಿರ ಆಸ್ಪತ್ರೆ ಇಲ್ಲದ ಊರಿನವರು 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಬಹುದು. ವಾಹನ ಬರುವ ತನಕ ದನಕ್ಕೆ ನೆರಳು, ಕುಡಿಯಲು ನೀರು ಇರಲಿ. ಆದರೆ ನುಂಗಲು ಆಗದ ದನಕ್ಕೆ ಗೊಟ್ಟದಲ್ಲಿ ನೀರೂ ಹಾಕಬೇಡಿ, ಔಷಧವೂ ಹಾಕಬೇಡಿ.